ಅಂಬುಜಾಕ್ಷಿ ಮೇಡಂ ಕಲಿತ ಬುಗುರಿ

ನಮ್ಮ ಊರಿನ ವಾಣಿಜ್ಯ ಶಾಲೆಯ ಜಗುಲಿಯ ಮೇಲೆ ಐವತ್ತೇಳು ವರ್ಷದ ಅಂಬುಜಾಕ್ಷಿ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬುಗುರಿ ಆಡಿಸಲು ಕಲಿಯುತ್ತಿದ್ದ ದಿನಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ. ಚಾಟಿ ಸುತ್ತಿ ಬೀಸಿದರೆ ಬುಗುರಿ ನೆಲಕ್ಕೆ ಇಳಿಯುವ ಬದಲು ಹಾರಿ ಹೋಗಿ ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಬಡಿಯುತ್ತಿತ್ತು. ಒಳಗಿನಿಂದ ಪ್ರಿನ್ಸಿಪಾಲ್ ಶೇಷಗಿರಿಯವರು ಪ್ರತಿ ಸಲವೂ ಯಾರೋ ಬಾಗಿಲು ತಟ್ಟಿದರೆಂದು "ಬನ್ನಿ, ಬನ್ನಿ" ಅನ್ನುತ್ತಿದ್ದರು. ನಾವು ಮೂವತ್ತೆರಡು ವಿದ್ಯಾರ್ಥಿಗಳು ಕಿಟಕಿಗೆ ಜೋತುಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ನಗ್ರಪ್ಪ, ನಗ್ರಿ," ಎಂದು ಮೇಡಂ ಬುಗುರಿ ಹೆಕ್ಕಿಕೊಳ್ಳುತ್ತ ಹೇಳುತ್ತಿದ್ದರು. "ನಿಮ್ಮ ನಿಮ್ಮ ಬಿಡುಗಲಿಕೆ ಎಲ್ಲಿಗೆ ಬಂತು ಅಂತ ನಾಳೆ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡ್ತೀನಲ್ಲ, ಆಗ ನಗೋ ಸರದಿ ನಂದು."

ಹೊಸ ಯಂತ್ರವೊಂದನ್ನು ಕಲಿತರೆ ನಮ್ಮ ಊರಿನಲ್ಲಿ ಕೈಗೆ ಬರುತ್ತಿದ್ದ ಒಂದು ಕೆಲಸ ಬಿಟ್ಟುಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದರಲ್ಲಿ ಗೊಂದಲವಿಲ್ಲ, ಯಂತ್ರಕ್ಕೆ ಮುಂಚೆ ಎಲ್ಲಕ್ಕಿಂತ ಕೊನೆಗೆ ಕಲಿತದ್ದು ಹೋಗುತ್ತದೆ. ಇಡಿಯಾಗಿ ಹೋಗುತ್ತದೆ. ಒಮ್ಮೆ ಹೋದದ್ದು ಅದೇ ಕೈಗೆ ಮತ್ತೆ ಹತ್ತುವುದಿಲ್ಲ. ಹಿಂದೆ ಮೊದಲ ಸಲ ಟೈಪ್‌ರೈಟರುಗಳು ಬಂದಾಗ ಜನಕ್ಕೆ ಇದು ತಿಳಿಯಲು ಹೊತ್ತು ಹಿಡಿಯಿತಂತೆ. ರವಾನೆ ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತರೊಬ್ಬರು ಪಿಟೀಲು ನುಡಿಸುವುದನ್ನು ಕಳೆದುಕೊಂಡರು. ಟೈಪು ಕಲಿತ ಹೊಸ ಬಾಣಂತಿಯೊಬ್ಬಳು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದನ್ನು ಮರೆತು, ಕೈಯಲ್ಲಿ ತಂಬಿಗೆ ಹಿಡಿದು ಅಳುತ್ತ ಕೂತಿದ್ದಳಂತೆ. ಆಮೇಲೆ ಊರು ತನ್ನ ದಾರಿ ತಾನು ಕಂಡುಕೊಂಡಿತು. ಯಂತ್ರ ಬರುವ ಮೊದಲು ಯಾವುದಕ್ಕೂ ಬೇಡದ ಕೆಲಸವೊಂದನ್ನು ಮನಸ್ಸಿಟ್ಟು ಕಲಿಯುವುದು, ಹೋದರೆ ಅದು ಹೋಗಲಿ ಎಂದು. ಅದಕ್ಕೇ ಬಿಡುಗಲಿಕೆ ಎಂದು ಹೆಸರಾಯಿತು. ಅರೆಬರೆ ಕಲಿತರೆ ಆಗುವುದಿಲ್ಲ. ಯಂತ್ರ ಅದನ್ನು ಮೂಸಿಯೂ ನೋಡದೆ ಅದರ ಹಿಂದಿನದಕ್ಕೆ ಕೈ ಹಾಕುತ್ತದೆ.

ಹೀಗಾಗಿ ನಮ್ಮ ವಾಣಿಜ್ಯ ಶಾಲೆಯ ವೇಳಾಪಟ್ಟಿಯಲ್ಲಿ ಪತ್ರ ವ್ಯವಹಾರ, ಕಡತ ನಿರ್ವಹಣೆ, ಕಚೇರಿ ಶಿಸ್ತು ಇವುಗಳ ಜೊತೆಗೆ ದಿನಕ್ಕೆ ಎರಡು ಗಂಟೆ ಬಿಡುಗಲಿಕೆಗೆ ಮೀಸಲು. ನಮ್ಮ ತಂಡದಲ್ಲಿ ಒಬ್ಬ ತಲೆ ಮೇಲೆ ಮೂರು ಲೋಟ ಇಟ್ಟುಕೊಂಡು ಓಡಾಡುವುದನ್ನು ಕಲಿಯುತ್ತಿದ್ದ. ಒಬ್ಬಳು ಎಡಗೈಯಲ್ಲಿ ತಲೆಕೆಳಗಾಗಿ ಬರೆಯುತ್ತಿದ್ದಳು. ಕೆಲಸಕ್ಕೆ ಬಾರದ್ದನ್ನು ಶ್ರದ್ಧೆಯಿಂದ ಕಲಿಯುವುದು ಎಷ್ಟು ಕಷ್ಟ ಎಂಬುದು ಕಲಿತವರಿಗೇ ಗೊತ್ತು. ಮೇಡಂ ಮಾತ್ರ ಇದರಲ್ಲಿ ಬಿಗಿ. "ಆಫೀಸಿನವರು ಇವತ್ತೊಂದು ಯಂತ್ರ ತರ್ತಾರೆ, ನಾಳೆ ಇನ್ನೊಂದು. ಯಂತ್ರ ಕಲಿಸೋದು ನಂಗೆ ಕಷ್ಟ ಅಲ್ಲ. ನೀವು ನೀವಾಗೇ ಉಳೀಬೇಕಲ್ಲ, ಅದನ್ನ ಕಲಿಸೋದೇ ನನ್ನ ಕೆಲಸ" ಅನ್ನುತ್ತಿದ್ದರು. ಗುರು ಮೊದಲು ಕಲಿಯದ ಯಂತ್ರವನ್ನು ಶಿಷ್ಯರು ಮುಟ್ಟುವಂತಿಲ್ಲ ಎಂಬುದು ಶಾಲೆಯ ಪದ್ಧತಿ. ಹಾಗೆ ಅವರು ಮೂವತ್ತು ವರ್ಷದಲ್ಲಿ ನಾಲ್ಕು ಯಂತ್ರಗಳಿಗೆ ಎಲ್ಲರಿಗಿಂತ ಮುಂಚೆ ಕೈ ಕೊಟ್ಟವರು. ಬಿಟ್ಟದ್ದು ನಾಲ್ಕು ಬಿಡುಗಲಿಕೆಗಳನ್ನು ಮಾತ್ರ.

ಇನ್ನೊಂದು ನಿಯಮವನ್ನು ಅವರು ನಮ್ಮ ಕೈಯಲ್ಲಿ ದಿನವೂ ಬಾಯಿಪಾಠ ಮಾಡಿಸುತ್ತಿದ್ದರು. ಹಳೆಯ ಕೆಲಸಕ್ಕೆ ಹೊಸ ಎಳೆಯೊಂದನ್ನು ಸೇರಿಸಿದರೂ ಆ ಕೆಲಸ ಇಡಿಯಾಗಿ ಮುಂದಕ್ಕೆ ಬಂದು ಕೊನೆಗೆ ಕಲಿತದ್ದಾಗಿಬಿಡುತ್ತದೆ. ಕ್ಷೌರದಂಗಡಿಯ ಬಸಣ್ಣನ ತಮ್ಮ ಯಂತ್ರದ ಹಿಂದಿನ ದಿನ ಹೊಸ ಬಗೆಯ ಒಂದು ಮೀಸೆ ಕತ್ತರಿಸುವುದನ್ನು ಕಲಿತ. ಒಂದೇ ಒಂದು ಮೀಸೆ. ಮರುದಿನದಿಂದ ಅವನಿಗೆ ಕತ್ತರಿ ಹಿಡಿಯಲು ಬರಲಿಲ್ಲ. ಅದಕ್ಕೇ ಯಂತ್ರಕ್ಕೆ ಮುಂಚಿನ ಮೂರು ದಿನ ಕೈಕಟ್ಟು. ಅಂಗೈಗಳಿಗೆ ತೆಳುವಾದ ಬಿಳಿ ಬಟ್ಟೆ ಸುತ್ತಿಕೊಳ್ಳುತ್ತೇವೆ. ಊಟ, ಸ್ನಾನಕ್ಕೆ ಬಿಚ್ಚಬಹುದು. ಬರುವ ಕೆಲಸ ಮಾಡಬಹುದು, ಬಾರದ್ದನ್ನು ಕಲಿಯುವಂತಿಲ್ಲ. ಬಟ್ಟೆ ಕಂಡರೆ ನೆರೆಯವರು ಹೊಸ ರಂಗೋಲಿಯನ್ನು ಕೂಡ ಬಾಗಿಲ ಮುಂದೆ ಹಾಕುವುದಿಲ್ಲ.

ಈಗ ಮಂದಾರೆಯ ವಿಷಯ ಹೇಳಬೇಕು. ಅವಳು ಮೇಡಂ ಅವರ ಒಬ್ಬಳೇ ಮಗಳು, ಆಗ ಅವಳಿಗೆ ಇಪ್ಪತ್ತಾರು. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಅವಳು ಕೂಸಾಗಿದ್ದಾಗಿನಿಂದ ತಾಯಿ ಮಗಳು ಸೇರಿ ಬೆರಳಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಯಾವ ಪುಸ್ತಕದ್ದೂ ಅಲ್ಲ, ಯಾವ ಶಾಲೆಯದ್ದೂ ಅಲ್ಲ, ಆ ಮನೆಯದ್ದೇ. ಮೂಗಿನ ತುದಿ ಮುಟ್ಟಿದರೆ ಸಾರು. ಎರಡು ಬೆರಳು ಗಲ್ಲದ ಮೇಲೆ ನಡೆದರೆ ಮಧ್ಯಾಹ್ನ. ಅಂಗೈಯ ಮೇಲೆ ತೋರುಬೆರಳನ್ನು ನಿಧಾನವಾಗಿ ಎಳೆದರೆ ‘ಸುಮ್ಮನೆ, ಕಾರಣವೇನೂ ಇಲ್ಲ’. ಹೀಗೆ ಸಾವಿರಾರು. ಇಬ್ಬರೂ ಮಾತಿಗೆ ಕೂತರೆ ಅಡುಗೆಮನೆಯಲ್ಲಿ ನಾಲ್ಕು ಕೈಗಳು ಹಾರಾಡುತ್ತಿದ್ದವು, ನಡುನಡುವೆ ಮೇಡಂ ಅವರ ನಗು ಮಾತ್ರ ಹೊರಗೆ ಕೇಳುತ್ತಿತ್ತು. ಮಂದಾರೆ ನಾಲ್ಕಕ್ಷರ ಬರೆಯಬಲ್ಲಳು, ಹಾಲು, ಬೀಗ, ಸೋಮವಾರ ಇಂಥವು. ಹೊಟ್ಟೆಯೊಳಗಿನ ಮಾತೆಲ್ಲ ಬೆರಳಿನದೇ. ಮತ್ತು ಆ ಮಾತು ಬಲ್ಲವರು ಇಡೀ ಊರಿನಲ್ಲಿ ಇಬ್ಬರೇ.

ನನ್ನ ಬಿಡುಗಲಿಕೆಗೆ ನಾನು ಆರಿಸಿಕೊಂಡದ್ದು ಆ ಮಾತನ್ನು. ನನಗೆ ಆಗ ಹತ್ತೊಂಬತ್ತು. ಬುದ್ಧಿ ಬೆಳೆದಿರಲಿಲ್ಲ ಎಂದರೆ ನೆಪವಾದೀತು, ಅಷ್ಟು ಬುದ್ಧಿ ಇತ್ತು. ಬೇರೆಯವರು ಲೋಟ, ಗೋಲಿ ಎನ್ನುವಾಗ ನಾನು ಏನೋ ಹೊಸದನ್ನು ಮಾಡಬೇಕು ಎಂಬ ಜಂಬ. ಹೇಗೂ ಬಿಡುವುದು ತಾನೇ, ಕಷ್ಟದ್ದನ್ನೇ ಕಲಿತು ಬಿಟ್ಟರೆ ನಾಲ್ಕು ಜನ ಮೆಚ್ಚುತ್ತಾರೆ ಎಂದುಕೊಂಡೆ. ಮೇಡಂಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಬೈಯಲಿಲ್ಲ. "ನನ್ನನ್ನ ಯಾಕೆ ಕೇಳ್ತೀಯ ವಸುಮತಿ? ಅವಳ ಮಾತು, ಅವಳನ್ನೇ ಕೇಳು" ಎಂದು ಮನೆಗೆ ಕರೆದುಕೊಂಡು ಹೋದರು.

ಮಂದಾರೆ ಒರಳುಕಲ್ಲಿನ ಮುಂದೆ ಕೂತಿದ್ದಳು. ಮೇಡಂ ಬೆರಳಲ್ಲಿ ವಿಷಯ ತಿಳಿಸಿದರು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈ ಒರೆಸಿಕೊಂಡು ಏನೋ ಹೇಳಿದಳು. ಮೇಡಂ ಅನುವಾದಿಸಿದರು, "ಬಿಡೋಕೆ ಅಂತಲೇ ಕಲಿಯೋದಾ ಅಂತ ಕೇಳ್ತಿದಾಳೆ. ಆದ್ರೂ ಬರಲಿ, ಮೂರು ತಿಂಗಳು ಮಾತಾಡೋಕೆ ಇನ್ನೊಬ್ಬರು ಸಿಗ್ತಾರಲ್ಲ ಅಂತಾಳೆ."

ಆ ಮಾತು ಕೇಳಿ ನಾನು ಅಲ್ಲಿಂದಲೇ ವಾಪಸು ಹೋಗಬೇಕಿತ್ತು. ಹೋಗಲಿಲ್ಲ.

ಮೂರು ತಿಂಗಳು ದಿನವೂ ಶಾಲೆ ಮುಗಿಸಿ ಅವರ ಮನೆಗೆ ಹೋದೆ. ಮೊದಲ ವಾರ ಸಾರು ಕೇಳಲು ಹೋಗಿ ಮಧ್ಯಾಹ್ನವನ್ನೇ ಬಡಿಸು ಎಂದೆನಂತೆ, ಮಂದಾರೆ ಒರಳಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡನೆಯ ತಿಂಗಳಿಗೆ ನಮ್ಮಿಬ್ಬರ ನಡುವೆ ಗುಟ್ಟುಗಳು ಹುಟ್ಟಿದವು. ಅವಳು ಬಲು ತುಂಟಿ, ಅದು ಊರಿಗೇ ಗೊತ್ತಿರಲಿಲ್ಲ. ಎದುರುಮನೆಯ ಅಜ್ಜಿಯ ನಡಿಗೆ, ಶೇಷಗಿರಿಯವರ ಕೆಮ್ಮು, ನಾನು ಸೀನುವ ಮೊದಲು ಮಾಡುವ ಮುಖ, ಎಲ್ಲವೂ ಅವಳ ಬೆರಳಲ್ಲಿದ್ದವು. ನನ್ನ ಅಪ್ಪ ತೀರಿಕೊಂಡ ಮೇಲೆ ಯಾರ ಹತ್ತಿರವೂ ಹೇಳಲಾಗದ ಮಾತುಗಳನ್ನು ನಾನು ಬೆರಳಲ್ಲಿ ಹೇಳಿಕೊಂಡೆ. ಮೂರನೆಯ ತಿಂಗಳಿಗೆ ಈ ಮಾತನ್ನು ಬಿಟ್ಟು ಬದುಕುವುದು ನನ್ನಿಂದಾಗದು ಎಂದು ಗೊತ್ತಾಗಿಹೋಯಿತು.

ಉಪಾಯ ಕಷ್ಟದ್ದೇನಲ್ಲ. ಬೆರಳಮಾತಿನ ಮೇಲೆ ಇನ್ನೊಂದು ಬಿಡುಗಲಿಕೆ ಹಾಕಿಬಿಟ್ಟರೆ ಆಯಿತು. ನಮ್ಮ ಶಾಲೆಯ ಜವಾನ ಹಾಲಪ್ಪ ಕಡತಗಳನ್ನು ಏಳು ಸುತ್ತಿನ ಒಂದು ವಿಚಿತ್ರ ಗಂಟಿನಿಂದ ಕಟ್ಟುತ್ತಿದ್ದ, ಅವನ ಹೊರತು ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. ಅವನಿಗೆ ದುಂಬಾಲು ಬಿದ್ದೆ. "ಇದನ್ನ ನಿಂಗೆ ಕಲ್ಸಿ, ನೀನು ಅದನ್ನ ಯಂತ್ರಕ್ಕೆ ಹಾಕಿ, ನನ್ನ ಗಂಟಿಗೆ ಇಷ್ಟೇನಾ ಮರ್ಯಾದೆ?" ಎಂದು ಗೊಣಗುತ್ತಲೇ ಕಲಿಸಿದ.

ಗಂಟಿನ ಪಾಠ ಮುಗಿಯುವ ಹಿಂದಿನ ದಿನ ಮಂದಾರೆ ನನಗೊಂದು ಹೆಸರು ಕೊಟ್ಟಳು. ಅವಳ ಮಾತಿನಲ್ಲಿ ಅಮ್ಮನಿಗೆ ಹೆಸರಿತ್ತು, ತೀರಿಹೋದ ಅಪ್ಪನಿಗಿತ್ತು. ಮಿಕ್ಕ ಊರಿನವರೆಲ್ಲ ‘ಆ ಮನೆಯವಳು’, ‘ಸೈಕಲ್ಲಿನವನು’ ಇಷ್ಟೇ. ನಾನು ಬಡಗಿಗಳ ಹಾಗೆ ಪೆನ್ಸಿಲನ್ನು ಬಲಗಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದೆ. ಅವಳು ತೋರುಬೆರಳನ್ನು ಕಿವಿಯ ಮೇಲೆ ಮಲಗಿಸಿ, ಪೆನ್ಸಿಲು ಹಿರಿದಂತೆ ಮುಂದಕ್ಕೆ ಎಳೆದು, ನನ್ನ ಎದೆಗೆ ಮುಟ್ಟಿಸಿದಳು. ಅದು ನಾನು. ಮರುದಿನ ಹಾಲಪ್ಪನ ಗಂಟು ಪೂರ್ತಿ ಕೈಗೆ ಬಂತು. ಅವತ್ತೇ ಸಂಜೆ ಎಲ್ಲರ ಕೈಗೂ ಬಿಳಿ ಬಟ್ಟೆ ಬಿತ್ತು. ಮೇಡಂ ಅವರ ಬುಗುರಿಯೂ ಅಷ್ಟು ಹೊತ್ತಿಗೆ ಪಳಗಿತ್ತು, ಜಗುಲಿಯ ನೆಲದಲ್ಲಿ ಗುಂಯ್ ಎಂದು ನಿಂತಲ್ಲೇ ತಿರುಗುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಕೈಕಟ್ಟಿನ ಕೊನೆಯ ದಿನ, ಭಾನುವಾರ ಬೆಳಿಗ್ಗೆ, ನಾನು ಸುಮ್ಮನೆ ಅವರ ಮನೆಗೆ ಹೋದೆ. ಮೇಡಂ ಕುರ್ಚಿಯಲ್ಲಿ ಎರಡೂ ಅಂಗೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮೂರು ತಿಂಗಳು ಶಾಲೆ, ಬುಗುರಿ, ಯಂತ್ರದ ಕೈಪಿಡಿ ಇವುಗಳಲ್ಲೇ ಮುಳುಗಿದ್ದ ಅವರಿಗೆ ಮಗಳ ಜೊತೆ ಕೂರಲು ಪುರುಸೊತ್ತು ಸಿಕ್ಕಿದ್ದು ಅವತ್ತೇ. ನನಗೆ ಹೊಸ ಹೆಸರಿನ ಹಿಗ್ಗು. ಮಂದಾರೆಯನ್ನು ಬೆರಳಲ್ಲಿ ಕೇಳಿದೆ, "ನನಗೆ ಹೆಸರಿಟ್ಟದ್ದನ್ನು ಅಮ್ಮನಿಗೆ ಹೇಳಿದೆಯಾ?"

ಆ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಕೇಳಿದೆ. ಮಂದಾರೆಯ ಮುಖ ಅರಳಿತು. ಓಡಿಹೋಗಿ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ಕೈ ತೋರಿಸಿ, ಕಿವಿಯ ಮೇಲೆ ಬೆರಳಿಟ್ಟು ಎಳೆದಳು. ಒಂದು ಸಲ, ಎರಡು ಸಲ. ಮೇಡಂ ನೋಡಿದರು. ಆಮೇಲೆ ಅವಳು ಅಮ್ಮನ ಬಲಗೈಯ ಬಟ್ಟೆಯನ್ನು ತಾನೇ ಬಿಚ್ಚಿದಳು. "ನೀನೂ ಹೇಳು."

ಮೇಡಂ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಮರೆತಿಲ್ಲ. ಬಸಣ್ಣನ ತಮ್ಮನ ಮೀಸೆಯ ಕತೆಯನ್ನು ನೂರು ಸಲ ಹೇಳಿದವರು ಅವರು, ನೂರು ಸಲ ಕೇಳಿದವಳು ನಾನು. ಬೇಡ ಎನ್ನಲು ನನಗೆ ಬಾಯಿತ್ತು, ಅವಳನ್ನು ತಡೆಯಲು ಬೆರಳಿತ್ತು. ಒಂದು ಪದ ತಾನೇ, ಅಷ್ಟೂ ಒಂದು ಕಲಿಕೆಯಾ ಎಂದುಕೊಂಡು ಬಿಟ್ಟೆ. ಮೇಡಂ ಬೆರಳನ್ನು ಕಿವಿಯ ಕೆಳಗಿಟ್ಟು, ಓಲೆ ತೋರಿಸುವವರ ಹಾಗೆ, ತಪ್ಪಾಗಿ ಹೇಳಿದರು. ಮಂದಾರೆ ನಕ್ಕು ಆ ಬೆರಳನ್ನು ಹಿಡಿದು ಕಿವಿಯ ಮೇಲಕ್ಕೆ ಸರಿಸಿದಳು. ಎರಡನೆಯ ಸಲ ಮೇಡಂ ಸರಿಯಾಗಿ ಹೇಳಿದರು. ಆಮೇಲೆ ಬಟ್ಟೆಯನ್ನು ಮತ್ತೆ ಸುತ್ತಿಕೊಂಡು, "ಚೆನ್ನಾಗಿಟ್ಟಿದಾಳೆ ಕಣೇ ನಿನ್ನ ಹೆಸರು. ನಡಿ, ಊಟ ಮಾಡ್ಕೊಂಡು ಹೋಗು" ಎಂದರು. ನಾನು ಊಟ ಮಾಡಿಕೊಂಡೇ ಬಂದೆ.

ಸೋಮವಾರ ಯಂತ್ರ. ಮೇಜಿನಗಲದ ಗಾಜಿನ ಹಲಗೆ, ಅಂಗೈ ಇಟ್ಟು ಸರಿಸಿದರೆ ಪತ್ರಗಳು ತಾವಾಗಿ ಜೋಡಿಸಿಕೊಳ್ಳುತ್ತಿದ್ದವು. ಮೇಡಂ ಬಟ್ಟೆ ಬಿಚ್ಚಿ ಕೈ ತೊಳೆದು ಮೊದಲು ಕೂತರು. ಮುಕ್ಕಾಲು ಗಂಟೆಯಲ್ಲಿ ಕಲಿತು ಮುಗಿಸಿ, ಒಂದು ವಿಚಾರಣಾ ಪತ್ರಕ್ಕೆ ಉತ್ತರ ಸಿದ್ಧಪಡಿಸಿ ತೋರಿಸಿದರು. ಶೇಷಗಿರಿಯವರು ಕೆಮ್ಮಿ ಅಭಿನಂದಿಸಿದರು. ಇನ್ನು ಉಳಿದದ್ದು ಶಾಲೆಯ ಒಂದು ಪದ್ಧತಿ. ಯಂತ್ರ ಕಲಿತವರು ತಮ್ಮ ಬಿಡುಗಲಿಕೆಯನ್ನು ಎಲ್ಲರ ಮುಂದೆ ಮಾಡಿ ನೋಡಬೇಕು. ಅದು ಕೈಕೊಟ್ಟರೆ ಎಲ್ಲವೂ ಸರಿಯಾಗಿದೆ ಎಂದು ಅರ್ಥ. ಸೋತವರಿಗೆ ಚಪ್ಪಾಳೆ ಬೀಳುವ ಜಾಗ ಅದೊಂದೇ ಇರಬೇಕು.

ಮೇಡಂ ಕೈಚೀಲದಿಂದ ಬುಗುರಿ ತೆಗೆದರು. "ಪ್ರಿನ್ಸಿಪಾಲರೇ, ಸ್ವಲ್ಪ ಪಕ್ಕಕ್ಕೆ ಬನ್ನಿ, ಇವತ್ತು ಎಲ್ಲಿಗೆ ಹಾರುತ್ತೋ ಹೇಳಕಾಗಲ್ಲ" ಎಂದರು. ನಾವು ನಕ್ಕೆವು, ಚಪ್ಪಾಳೆಗೆ ಕೈ ಎತ್ತಿಟ್ಟುಕೊಂಡೆವು. ಅವರು ಚಾಟಿ ಸುತ್ತಿದರು. ಸುತ್ತುವಾಗಲೇ ಅವರ ಕೈ ನಿಧಾನವಾಯಿತು. ಅಷ್ಟು ಬಿಗಿಯಾಗಿ, ಅಷ್ಟು ಸಮವಾಗಿ ಸುತ್ತಿಕೊಂಡಿತ್ತು ಚಾಟಿ. ಬೀಸಿದರು. ಬುಗುರಿ ನೆಲಕ್ಕಿಳಿದು, ನಿಂತಲ್ಲೇ ನಿಂತು, ಗುಂಯ್ ಎಂದು ತಿರುಗತೊಡಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ತಿರುಗಿ ಮುಗಿಸುವವರೆಗೆ ಮೇಡಂ ಅದನ್ನೇ ನೋಡುತ್ತ ನಿಂತಿದ್ದರು. ನಾನು ನನ್ನ ಜೀವಮಾನದಲ್ಲಿ ಅಷ್ಟು ಉದ್ದ ತಿರುಗಿದ ಬುಗುರಿಯನ್ನು ನೋಡಿಲ್ಲ. ಅದು ವಾಲಿ ಬಿದ್ದ ಮೇಲೆ ಅವರು ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದರು. ಮೂಗಿನ ತುದಿ ಮುಟ್ಟಿದರು. ಗಲ್ಲ ಮುಟ್ಟಿದರು. ಯಾವುದೋ ಸಾಮಾನು ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವವರ ಮುಖ ಹಾಗಿರುತ್ತದೆ. "ನೀವು ಕೂತ್ಕೊಳ್ರಪ್ಪ, ಒಬ್ಬೊಬ್ಬರಾಗಿ ಯಂತ್ರಕ್ಕೆ ಬನ್ನಿ" ಎಂದರು. ಸಂಜೆಯವರೆಗೆ ಮೂವತ್ತೆರಡು ಜನಕ್ಕೂ ಕಲಿಸಿಯೇ ಮನೆಗೆ ಹೋದರು. ನನ್ನ ಸರದಿಯಲ್ಲಿ ನನ್ನ ಕೈಯಿಂದ ಹಾಲಪ್ಪನ ಗಂಟು ಹೋಯಿತು. ಬೆರಳಮಾತು ಉಳಿಯಿತು.

ನಾನು ಅವರ ಹಿಂದೆಯೇ ಹೋದೆ. ಮಂದಾರೆ ಬಾಗಿಲಲ್ಲೇ ಕಾದಿದ್ದಳು. ಬುಗುರಿ ಹೋಯಿತಾ, ಎಲ್ಲರೂ ನಕ್ಕರಾ ಎಂದು ಕೇಳಿದಳು. ಮೇಡಂ ಅವಳ ಕೈಗಳನ್ನು ನೋಡಿದರು, ನಾನು ಮೊದಲ ದಿನ ಏನೂ ತಿಳಿಯದೆ ನೋಡಿದ್ದೆನಲ್ಲ, ಹಾಗೆ. ಆಮೇಲೆ ನನ್ನತ್ತ ತಿರುಗಿದರು.

"ಏನಂದ್ಲು?"

ನನ್ನ ಬದುಕಿನಲ್ಲಿ ನನ್ನ ಕಿವಿಗೆ ಬಿದ್ದ ಅತ್ಯಂತ ಕೆಟ್ಟ ಪ್ರಶ್ನೆ ಅದು. ಮಂದಾರೆಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲು ಅಮ್ಮ ತಮಾಷೆ ಮಾಡುತ್ತಿದ್ದಾಳೆಂದು ನಕ್ಕಳು. ಆಮೇಲೆ ಅಮ್ಮನ ಕೈ ಹಿಡಿದು ಅಲ್ಲಾಡಿಸಿದಳು. ಆಮೇಲೆ ತನ್ನ ಕಿವಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. ಆ ಬೆರಳು ಅಲ್ಲಿಯೇ ನಿಂತುಬಿಟ್ಟಿತು. ಅವಳಿಗೂ ಹೊಳೆಯಿತು.

ಅವರು ಪ್ರಯತ್ನಪಡಲಿಲ್ಲ ಎಂದಲ್ಲ. ನಿಯಮ ಗೊತ್ತಿದ್ದೂ ಆರು ತಿಂಗಳು ಮೇಡಂ ಮಗಳ ಮುಂದೆ ಒಂದನೆಯ ತರಗತಿಯ ಮಗುವಿನಂತೆ ಕೂತರು. ಬೆಳಿಗ್ಗೆ ಸಾರು ಎಂದು ಕಲಿತದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಸ್ಲೇಟು ತಂದರು. ಸ್ಲೇಟಿನಲ್ಲಿ ಹಾಲು ಬಂತು, ಬೀಗ ಬಂತು, ‘ಸುಮ್ಮನೆ, ಕಾರಣವೇನೂ ಇಲ್ಲ’ ಬರಲಿಲ್ಲ. ಮೇಡಂ ರಾಜೀನಾಮೆ ಕೊಟ್ಟರು. ಶೇಷಗಿರಿಯವರು ಮನೆಗೇ ಬಂದು ಕೈ ಮುಗಿದರೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನಾನು ಆ ಮನೆಗೆ ಹೋಗುತ್ತೇನೆ. ಇಬ್ಬರ ನಡುವೆ ಮಣೆ ಹಾಕಿಕೊಂಡು ಕೂರುತ್ತೇನೆ. ವಾರವಿಡೀ ಕೂಡಿಟ್ಟ ಮಾತನ್ನು ಅವರು ಆಡಿಕೊಳ್ಳುವುದು ಅವತ್ತೇ. ಅಮ್ಮನ ಮಂಡಿನೋವಿನ ಬಗ್ಗೆ ಮಗಳು ನನ್ನನ್ನು ಕೇಳುತ್ತಾಳೆ, ಮಗಳು ಯಾಕೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ತಾಯಿ ನನ್ನನ್ನು ಕೇಳುತ್ತಾರೆ. ಒಂದೇ ಸೂರಿನಡಿ ಇರುವ ತಾಯಿ ಮಗಳು ಜಗಳವಾಡಲು ಕೂಡ ಭಾನುವಾರಕ್ಕೆ ಕಾಯಬೇಕು. ಜಗಳವನ್ನು ನಾನು ತುಸು ಮೆತ್ತಗೆ ಮಾಡಿ ದಾಟಿಸುತ್ತೇನೆ. ಅದು ಇಬ್ಬರಿಗೂ ಗೊತ್ತಾಗುತ್ತದೆ, "ಅಷ್ಟು ಸಿಹಿಯಾಗಿ ಅವಳು ಹೇಳಿರಲ್ಲ ಬಿಡು" ಎಂದು ಮೇಡಂ ನನ್ನ ಕಿವಿ ಹಿಂಡುತ್ತಾರೆ. ಒಂದು ಪದವನ್ನು ಮಾತ್ರ ನಾನು ಸುಳ್ಳು ಹೇಳುತ್ತ ಬಂದೆ. ನಾನು ಬಾಗಿಲಿಗೆ ಬಂದಾಗಲೆಲ್ಲ ಮಂದಾರೆ ಕಿವಿಯ ಮೇಲೆ ಬೆರಳಿಟ್ಟು ಎಳೆಯುತ್ತಾಳೆ. ಮೇಡಂ "ಏನಂದ್ಲು?" ಎನ್ನುತ್ತಾರೆ. "ಬಾ ಅಂದಳು ಮೇಡಂ" ಎನ್ನುತ್ತೇನೆ.

ಈ ಮಾತು ಉಳಿಸಿಕೊಳ್ಳಲು ನಾನು ಆಮೇಲೆ ಯಾವ ಹೊಸ ಯಂತ್ರವನ್ನೂ ಮುಟ್ಟಲಿಲ್ಲ. ಮಂದಾರೆ ದಿನಕ್ಕೊಂದು ಪದ ಕಟ್ಟುವವಳು, ಅವಳ ಮಾತು ನನ್ನ ಕೈಯಲ್ಲಿ ಯಾವಾಗಲೂ ಕೊನೆಗೆ ಕಲಿತದ್ದೇ. ಮೊದಲು ಏಳೆಂಟು ವರ್ಷಕ್ಕೊಂದು ಬರುತ್ತಿದ್ದ ಯಂತ್ರಗಳು ಈಗ ವರ್ಷಕ್ಕೆ ಎರಡು ಬರುತ್ತವೆ, ಬಿಡುಗಲಿಕೆಗೆ ಯಾವ ಕಚೇರಿಯೂ ಸಮಯ ಕೊಡುವುದಿಲ್ಲ. ಕಲಿಯೆನೆಂದ ನನ್ನನ್ನು, ನಾನು ಕೆಲಸಕ್ಕೆ ಸೇರಿದ್ದ ರವಾನೆ ಕಚೇರಿಯವರು ಹಳೆಯ ಕಡತಗಳ ಕೋಣೆಗೆ ಹಾಕಿದರು. ಹಾಲಪ್ಪ ಶಾಲೆಗೆ ಬರುವ ಮೊದಲು ಅಲ್ಲೇ ಜವಾನನಾಗಿದ್ದನಂತೆ, ಅಲ್ಲಿನ ಕಟ್ಟುಗಳೆಲ್ಲ ಅವನ ಏಳು ಸುತ್ತಿನ ಗಂಟಿನಲ್ಲಿವೆ. ನನಗೆ ಒಂದನ್ನೂ ಬಿಚ್ಚಲು ಬರುವುದಿಲ್ಲ. ಕತ್ತರಿ ಇಟ್ಟುಕೊಂಡಿದ್ದೇನೆ. ವಾಣಿಜ್ಯ ಶಾಲೆಯ ವೇಳಾಪಟ್ಟಿಯಿಂದ ಆ ಎರಡು ಗಂಟೆಗಳನ್ನು ತೆಗೆದುಹಾಕಿ ಬಹಳ ದಿನವಾಯಿತು. ಚುರುಕಾದ ಹುಡುಗ ಹುಡುಗಿಯರು ಹೊರಬರುತ್ತಾರೆ, ಯಾವ ಯಂತ್ರ ಕೊಟ್ಟರೂ ಒಂದು ಗಂಟೆಯಲ್ಲಿ ಕಲಿಯುತ್ತಾರೆ. ಅವರಲ್ಲಿ ಕೆಲವರಿಗೆ ತಮ್ಮ ಮಗುವಿನ ಜಡೆ ಹೆಣೆಯಲು ಬರುವುದಿಲ್ಲ. ಒಂದು ಕಾಲದಲ್ಲಿ ಬರುತ್ತಿತ್ತು ಎಂಬುದೂ ಅವರಿಗೆ ನೆನಪಿದ್ದಂತಿಲ್ಲ, ಅಥವಾ ನೆನಪಿದ್ದರೂ ಹೇಳುವುದಿಲ್ಲ.

ಹೀಗೆ ಹನ್ನೊಂದು ವರ್ಷ. ಈ ಮಳೆಗಾಲದಲ್ಲಿ ಮೇಡಂ ಹಾಸಿಗೆ ಹಿಡಿದರು. ಡಾಕ್ಟರು ಹೆಚ್ಚು ದಿನ ಹೇಳಲಿಲ್ಲ. ಕಳೆದ ಭಾನುವಾರ ನಾನು ಹೋದಾಗ ಮಂದಾರೆ ಎಂದಿನಂತೆ ಬೆರಳೆಳೆದಳು. ಮೇಡಂ ದಿಂಬಿಗೆ ಒರಗಿಕೊಂಡು ಕೇಳಿದರು, "ಏನಂದ್ಲು?"

"ಬಾ ಅಂದಳು."

"ಹಾಲಿನವನಿಗೆ ಬಾ ಅನ್ನುವಾಗ ಅಂಗೈ ಮಡಿಸ್ತಾಳೆ ಕಣೇ," ಎಂದರು ಮೇಡಂ. "ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ. ಕಿವಿ ಮುಟ್ಟೋದು ನಿನಗೊಬ್ಬಳಿಗೇ."

ನಾನು ಮಣೆಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಹೇಳಿಬಿಟ್ಟೆ, "ಅದು ನನ್ನ ಹೆಸರು ಮೇಡಂ. ಅವತ್ತು ನೀವು ಕಲಿತದ್ದು ಅದನ್ನೇ. ಹೇಳಿದೆಯಾ ಅಂತ ಅವಳನ್ನ ಕೇಳಿದ್ದು ನಾನು. ಸುಮ್ಮನೆ ನಿಂತು ನೋಡಿದ್ದೂ ನಾನೇ. ನನ್ನನ್ನ..."

"ಸಾಕು, ಅಳಬೇಡ," ಎಂದರು. "ನಂಗೇನು ಅವತ್ತು ಗೊತ್ತಿರಲಿಲ್ಲವಾ? ಮೂವತ್ತು ವರ್ಷ ಪಾಠ ಮಾಡಿದವಳು. ಕಣ್ಣು ಮುಚ್ಚಿಕೊಂಡಿದ್ದರೆ ಮುಗೀತಿತ್ತು. ಆದರೆ ಇಪ್ಪತ್ತಾರು ವರ್ಷಕ್ಕೆ ಅವಳಿಗೆ ಮೊದಲನೇ ಸಲ ಒಬ್ಬಳು ಸ್ನೇಹಿತೆ ಸಿಕ್ಕಿದ್ದಳು. ಓಡಿ ಬಂದು ಹೆಸರು ಹೇಳಿದಳು. ಯಾವ ತಾಯಿ ಕಣ್ಣು ಮುಚ್ಚಿಕೊಳ್ತಾಳೆ ಹೇಳು? ಒಂದು ಪದ ತಾನೇ, ನನ್ನ ಮಗುವಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಇರಲಾರದು ಅಂದುಕೊಂಡೆ. ಇತ್ತು." ಉಸಿರು ತೆಗೆದುಕೊಂಡು ಮುಂದುವರಿಸಿದರು, "ಅವಳು ತನ್ನಿಂದಲೇ ಹೀಗಾಯ್ತು ಅಂತ ಕೊರಗ್ತಾಳೆ. ನಂಗೆ ಕಾಣುತ್ತೆ. ಅವಳಿಗೆ ಹೇಳು, ಆ ಹೆಸರು ಕಲಿತದ್ದಕ್ಕೆ ನಂಗೆ ಒಂದು ದಿನವೂ ಬೇಜಾರಾಗಿಲ್ಲ. ಅಷ್ಟೂ ಹೇಳು. ಸಿಹಿ ಬೆರೆಸಬೇಡ."

ನಾನು ಮಂದಾರೆಯತ್ತ ತಿರುಗಿ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ, ಸೇರಿಸಲಿಲ್ಲ. ಮಂದಾರೆ ನನ್ನ ಬೆರಳುಗಳನ್ನು ಕೊನೆಯವರೆಗೂ ನೋಡಿದಳು. ಕಣ್ಣೊರೆಸಿಕೊಳ್ಳಲಿಲ್ಲ. ಉತ್ತರ ಕೊಡುತ್ತಾಳೆಂದು ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ, ಮೇಡಂ ನನ್ನ ಬಾಯನ್ನು ನೋಡುತ್ತಿದ್ದರು.

ಅವಳು ಎದ್ದು ಹೋಗಿ ಕಪಾಟಿನಿಂದ ಹಳೆಯ ಬುಗುರಿಯನ್ನು ತಂದಳು. ಅದನ್ನೂ ಚಾಟಿಯನ್ನೂ ಅಮ್ಮನ ಕೈಯಲ್ಲಿಟ್ಟಳು. ಆ ಕೈಯಲ್ಲಿ ಈಗ ಬಲವಿರಲಿಲ್ಲ, ಆದರೆ ಸುತ್ತುವುದು ಮರೆತಿರಲಿಲ್ಲ, ಸುತ್ತು ಸುತ್ತಾಗಿ ಬಿಗಿಯಾಗಿ ಸುತ್ತಿಕೊಟ್ಟಿತು. ಮಂದಾರೆ ಅದನ್ನು ತೆಗೆದುಕೊಂಡು, ಅಮ್ಮನ ಕೈಯನ್ನು ತನ್ನ ಕೈಯೊಳಗೇ ಹಿಡಿದಳು, ಇಬ್ಬರೂ ಸೇರಿ ಬೀಸಿದರು. ಬುಗುರಿ ನೆಲಕ್ಕಿಳಿದು ಮಂಚದ ಪಕ್ಕದಲ್ಲಿ ತಿರುಗತೊಡಗಿತು. ಮಂದಾರೆಗೆ ಅದರ ಸದ್ದು ಕೇಳದು. ಅವಳು ಅಂಗೈಯನ್ನು ನೆಲಕ್ಕೆ ಹಚ್ಚಿ ಕೂತಳು, ಇನ್ನೊಂದು ಕೈ ಅಮ್ಮನ ಕೈಯಲ್ಲೇ ಇತ್ತು. ಬುಗುರಿ ನಿಲ್ಲುವವರೆಗೆ ಇಬ್ಬರಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.